ಬೇಸಿಗೆಯಲ್ಲಿ ಹವಳದ ತೊಟ್ಟಿಯ ಕ್ಷಾರತೆ ತಾನಾಗಿ ಏರುವುದೇಕೆ?

ಭೀಮಾತೀರ, ಕಲಬುರಗಿ:
ನಮ್ಮ ಮನೆಯ ಹವಳದ ತೊಟ್ಟಿಯಲ್ಲಿ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ) 100 ಲೀಟರ್ ನೀರಿದೆ. ಲೆದರ್ ಹವಳ, ಝೋವಾಂತಿಡ್ ಎಂಬ ಮೆದು ಹವಳಗಳು ಮತ್ತು ಕಲ್ಲುಗಳ ಮೇಲೆ ಹಬ್ಬಿದ ನೇರಳೆ ಬಣ್ಣದ ಕೊರಲೈನ್ ಪಾಚಿ ಇವೆ, ಗಟ್ಟಿ ಹವಳ ಯಾವುದೂ ಇಲ್ಲ. ಚಳಿಗಾಲದುದ್ದಕ್ಕೂ 8 ಡಿಕೆಎಚ್ (ಕ್ಷಾರತೆ ಅಳೆಯುವ ಮಾನ) ಆಸುಪಾಸಿನಲ್ಲಿದ್ದ ಕ್ಷಾರತೆ ಮಾರ್ಚ್ ಕಳೆದ ಮೇಲೆ ಏರುತ್ತಾ ಬಂದು ಈಗ 10.5 ತೋರಿಸುತ್ತಿದೆ. ಕ್ಷಾರತೆ ಹೆಚ್ಚಿಸುವ ಯಾವ ದ್ರಾವಣವನ್ನೂ ನಾನು ಹಾಕುತ್ತಿಲ್ಲ. ಸಂಪ್ (ತೊಟ್ಟಿಗೆ ಜೋಡಿಸಿದ ಫಿಲ್ಟರ್ ತೊಟ್ಟಿ) ಮೇಲೆ ಫ್ಯಾನ್ ಓಡುವುದರಿಂದ ದಿನಕ್ಕೆ ಹತ್ತಿರಹತ್ತಿರ 5 ಲೀಟರ್ ನೀರು ಆರಿಹೋಗುತ್ತದೆ. ಅಷ್ಟನ್ನು ಕುಡಿಯುವ ನೀರಿನ ಆರ್‌ಒ ಯಂತ್ರದಿಂದ ಹಿಡಿದು ರಾತ್ರಿ ಸುರಿಯುತ್ತೇನೆ. ಸಂಜೆಯಾಗುವಷ್ಟರಲ್ಲಿ ಝೋವಾಂತಿಡ್‌ಗಳು ಮುಚ್ಚಿಕೊಂಡಿರುತ್ತವೆ. ಚಿಲ್ಲರ್ (ನೀರು ತಣಿಸುವ ಯಂತ್ರ) ಕೊಂಡು ಫ್ಯಾನ್ ತೆಗೆಯಬೇಕೇ, ಅಥವಾ ಹೆಚ್ಚು ನೀರು ಬದಲಿಸಿದರೆ ಸಾಕೇ?

ಕೋಟೆ ಬಾಗಿಲು, ಬೀದರ್:
ವಾರಕ್ಕೆ ಶೇ 10ರಷ್ಟು ನೀರು ಬದಲಿಸುವುದಕ್ಕಿಂತ ಒಳ್ಳೆಯ ಮದ್ದು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಒಳ್ಳೆಯ ಉಪ್ಪಿನ ಮಿಶ್ರಣವನ್ನು 35 ಪಿಪಿಟಿ (ಸಾವಿರಕ್ಕೆ 35 ಭಾಗ) ಲವಣಾಂಶಕ್ಕೆ ಕಲಸಿದರೆ ಕ್ಯಾಲ್ಸಿಯಂ 420 ಪಿಪಿಎಂ (ಹತ್ತು ಲಕ್ಷಕ್ಕೆ 420 ಭಾಗ), ಮೆಗ್ನೀಸಿಯಂ 1300 ಪಿಪಿಎಂ, ಕ್ಷಾರತೆ 8 ಡಿಕೆಎಚ್ ಸುತ್ತಮುತ್ತ ಸಿಗುತ್ತದೆ. ತೊಟ್ಟಿಯ ನೀರು ಎತ್ತ ವಾಲಿದ್ದರೂ ಹೊಸ ನೀರು ಅದನ್ನು ಮತ್ತೆ ಅಲ್ಲಿಗೇ ಎಳೆದು ತರುತ್ತದೆ. ಇದಕ್ಕೆ ಯಂತ್ರ, ಲೆಕ್ಕಾಚಾರ ಯಾವುದೂ ಬೇಕಾಗಿಲ್ಲ.

ರಸಾಯನದ ಮೇಷ್ಟ್ರು, ಸೇಡಂ:
ನೀರು ಬದಲಿಸುವುದು ಬೇಡವೆಂದು ನಾನು ಹೇಳುವುದಿಲ್ಲ, ಆದರೆ ಈ ಸಂದರ್ಭದಲ್ಲಿ ಅದರ ಕೈ ಸಾಲದು. ಆರಿಹೋಗುವುದು ಬರೀ ನೀರು. ಅದರ ಜಾಗಕ್ಕೆ ಸುರಿಯುವ ನೀರು ತನ್ನಲ್ಲಿ ಕರಗಿರುವುದನ್ನೆಲ್ಲ ತೊಟ್ಟಿಯಲ್ಲೇ ಬಿಟ್ಟು ಮತ್ತೆ ಆರಿಹೋಗುತ್ತದೆ. ನಮ್ಮ ಜಿಲ್ಲೆಯ ನೆಲದಡಿ ಸುಣ್ಣದ ಕಲ್ಲು ಎಷ್ಟಿದೆ ಎಂಬುದಕ್ಕೆ ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆಗಳೂ ಮನೆಮನೆಯ ಶಹಾಬಾದ್ ಹಾಸುಗಲ್ಲೂ ಸಾಕ್ಷಿ. ಇಂತಹ ಕಲ್ಲಿನ ಪದರಗಳಲ್ಲಿ ಇಳಿದು ಬಂದ ಬೋರ್‌ವೆಲ್ ನೀರಿನಲ್ಲಿ ಬೈಕಾರ್ಬೊನೇಟ್ ಧಾರಾಳವಾಗಿರುತ್ತದೆ, ಮತ್ತು ನಾವು ಕ್ಷಾರತೆಯೆಂದು ಅಳೆಯುವುದು ಮುಖ್ಯವಾಗಿ ಅದನ್ನೇ. ಮನೆಯ ಆರ್‌ಒ ಯಂತ್ರಗಳಲ್ಲಿ ಬಹಳಷ್ಟಕ್ಕೆ ರುಚಿಗೆಂದು ಸ್ವಲ್ಪ ಶೋಧಿಸದ ನೀರನ್ನು ಮತ್ತೆ ಬೆರೆಸುವ ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಅಂಶ) ತಿರುಪು ಇರುವುದರಿಂದ, ಕುಡಿಯಲು ಯೋಗ್ಯವಾದ ನೀರು ಹವಳದ ತೊಟ್ಟಿಗೂ ಯೋಗ್ಯವೆಂದು ತಿಳಿಯುವಂತಿಲ್ಲ.

ನೀವು ಸುರಿಯುವ ನೀರಿನಲ್ಲಿ 3 ಡಿಕೆಎಚ್ ಇದೆಯೆಂದು ಇಟ್ಟುಕೊಳ್ಳೋಣ. ದಿನಕ್ಕೆ 5 ಲೀಟರ್ ಎಂದರೆ 100 ಲೀಟರ್ ತೊಟ್ಟಿಯಲ್ಲಿ 0.15 ಏರಿಕೆ, ವಾರಕ್ಕೆ 1ಕ್ಕೂ ಹೆಚ್ಚು. ಮೆದು ಹವಳಗಳು ಕ್ಷಾರತೆಯನ್ನು ಬಳಸುವುದೇ ಕಡಿಮೆ; ಕೊರಲೈನ್ ಪಾಚಿ ಒಂದಿಷ್ಟು ತಿನ್ನುತ್ತದೆ, ಅಷ್ಟೆ. ಇನ್ನು 10.5 ಇರುವ ತೊಟ್ಟಿಯಲ್ಲಿ ಶೇ 10ರಷ್ಟು ನೀರನ್ನು 8 ಇರುವ ನೀರಿನಿಂದ ಬದಲಿಸಿದರೆ ಇಳಿಯುವುದು ಕಾಲು ಡಿಕೆಎಚ್ ಮಾತ್ರ.

ಝೋವಾಂತಿಡ್ ಮುಚ್ಚಿಕೊಳ್ಳುವುದಕ್ಕೆ ಬೇರೆಯೇ ಕಾರಣವಿರಬಹುದು. 100 ಲೀಟರ್‌ನಲ್ಲಿ 5 ಲೀಟರ್ ಆರಿದಾಗ ಲವಣಾಂಶ 35ರಿಂದ 36.8ಕ್ಕೆ, ಕ್ಯಾಲ್ಸಿಯಂ 420ರಿಂದ 442ಕ್ಕೆ ಏರುತ್ತದೆ. ರಾತ್ರಿ ನೀರು ಸುರಿದೊಡನೆ ಎಲ್ಲವೂ ಒಮ್ಮೆಲೇ ಕೆಳಗಿಳಿಯುತ್ತದೆ. ಸಂಜೆಯೊಂದು, ಬೆಳಿಗ್ಗೆಯೊಂದು ಪರೀಕ್ಷೆ ಮಾಡಿ ಹವಳ ಎಷ್ಟು ಬಳಸಿತೆಂದು ನಿರ್ಧರಿಸುವವರು ಹೀಗೆಯೇ ದಾರಿ ತಪ್ಪುತ್ತಾರೆ. ಲವಣಾಂಶ ಒಂದೇ ಮಟ್ಟದಲ್ಲಿ ನಿಲ್ಲುವವರೆಗೆ ಮಿಕ್ಕ ಅಂಕಿಗಳಿಗೆ ಅರ್ಥವಿಲ್ಲ.

ಏಳುಕೊಳ್ಳದ ಓದುಗ, ಸುರಪುರ:
ಮೊದಲಿಗೆ, ಮೆದು ಹವಳವನ್ನಷ್ಟೇ ಸಾಕಿರುವುದು ಸಂತೋಷದ ವಿಷಯ. ದಿಬ್ಬ ಕಟ್ಟುವ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ. ನಮ್ಮ ಸಮುದ್ರದಿಂದ ಅವನ್ನು ಕಿತ್ತು ತಂದು ಮಾರುವುದು ಅಪರಾಧ.

ಮೇಷ್ಟ್ರ ಲೆಕ್ಕವನ್ನು ಒಪ್ಪುತ್ತೇನೆ. ಆದರೂ ಆರಿದ ನೀರಿನ ಜಾಗಕ್ಕೆ ಸುಣ್ಣದ ತಿಳಿಯನ್ನು (ಸುಣ್ಣ ಕರಗಿಸಿದ ತಿಳಿನೀರು) ಹನಿಸುವ ಹಳೆಯ ವಿಧಾನವನ್ನು ಯಾರೂ ಹೇಳದಿರುವುದು ಆಶ್ಚರ್ಯ. ಹವಳದ ಅಸ್ಥಿಯಲ್ಲಿ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಯಾವ ಪ್ರಮಾಣದಲ್ಲಿ ಸೇರುತ್ತವೆಯೋ, ಅಂದರೆ 2.8 ಡಿಕೆಎಚ್‌ಗೆ 20 ಪಿಪಿಎಂ ಕ್ಯಾಲ್ಸಿಯಂ, ಅದೇ ಪ್ರಮಾಣದಲ್ಲಿ ಸುಣ್ಣದ ತಿಳಿ ಎರಡನ್ನೂ ಕೊಡುತ್ತದೆ. ಎಸಿ ಹಾಕಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿ ಪಿಎಚ್ 7.8ಕ್ಕೆ ಕುಸಿಯುವಾಗ ಅದನ್ನು ಎತ್ತಿ ಹಿಡಿಯುವುದೂ ಇದೇ.

ರಸಾಯನದ ಮೇಷ್ಟ್ರು, ಸೇಡಂ:
ವಿಧಾನ ಒಳ್ಳೆಯದೇ, ಆದರೆ ನಮ್ಮ ಹವೆಗೆ ಅದನ್ನು ಹಾಗೆಯೇ ಹೊಂದಿಸಲಾಗದು. ಪೂರ್ತಿ ಕರಗಿದ ಸುಣ್ಣದ ತಿಳಿಯ 1 ಲೀಟರ್ 100 ಲೀಟರ್ ತೊಟ್ಟಿಯ ಕ್ಷಾರತೆಯನ್ನು ಸುಮಾರು 1.1 ಡಿಕೆಎಚ್ ಏರಿಸುತ್ತದೆ. ಮೇ ತಿಂಗಳಲ್ಲಿ ಆರಿದ ಐದೂ ಲೀಟರಿಗೆ ಅದನ್ನೇ ಹಾಕಿದರೆ ಒಂದೇ ದಿನದಲ್ಲಿ ಕ್ಷಾರತೆ 5 ಡಿಕೆಎಚ್‌ಗೂ ಹೆಚ್ಚು ಏರಿ, ಪಂಪು ಹೀಟರುಗಳ ಮೇಲೆಲ್ಲ ಬಿಳಿ ಗಸಿ ಕಟ್ಟುತ್ತದೆ. ತೆಳುಮಾಡಿ ಹಾಕುತ್ತೇನೆಂದರೆ, ಮಳೆ ಹಿಡಿದ ವಾರದಲ್ಲಿ ಆರುವುದು ಅರ್ಧಕ್ಕಿಳಿದಾಗ ಸುಣ್ಣವೂ ಅರ್ಧಕ್ಕಿಳಿಯುತ್ತದೆ, ಹವಳದ ಬಳಕೆ ಮಾತ್ರ ಇಳಿಯುವುದಿಲ್ಲ. ಸುಣ್ಣ ಬೇಕಾದವರು ಅದನ್ನು ನಿಗದಿತ ಅಳತೆಯಲ್ಲಿ ರಾತ್ರಿ ಪ್ರತ್ಯೇಕ ಪಂಪಿನಿಂದ ಹನಿಸಲಿ, ಉಳಿದ ಕೊರತೆಯನ್ನು ಶುದ್ಧ ನೀರು ತುಂಬಲಿ. ಎಲೆ ಅಡಿಕೆಯ ಸುಣ್ಣ ಖಂಡಿತ ಬೇಡ. ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪುಡಿಯನ್ನೇ ತರಬೇಕು.

ಕೋಟೆ ಬಾಗಿಲು, ಬೀದರ್:
ಹಾಗಾದರೆ ಮೂಲ ತೊಂದರೆ ಫ್ಯಾನಿನದ್ದೇ ಆಯಿತಲ್ಲ. ಚಿಲ್ಲರ್ ಹಾಕಿದರೆ ಆರುವುದು ತಗ್ಗುತ್ತದೆ, ಆಗ ಟಾಪ್‌ಅಪ್ ನೀರಿನ (ಆರಿದ್ದರ ಬದಲು ಸುರಿಯುವ ನೀರು) ಗುಣ ಇಷ್ಟು ಕಾಡುವುದಿಲ್ಲ.

ರಸಾಯನದ ಮೇಷ್ಟ್ರು, ಸೇಡಂ:
1 ಲೀಟರ್ ನೀರು ಆರುವಾಗ ಹೀರುವ ಶಾಖ 100 ಲೀಟರ್ ನೀರನ್ನು ಸುಮಾರು 6 ಡಿಗ್ರಿ ತಣಿಸುವಷ್ಟಿರುತ್ತದೆ. ಒಣ ಗಾಳಿಯ ಕಲಬುರಗಿಯಲ್ಲಿ ಫ್ಯಾನ್ ಮಾಡುವ ಕೆಲಸವನ್ನು ಮಂಗಳೂರಿನ ತೇವದ ಗಾಳಿಯಲ್ಲಿ ಮಾಡಲಾರದು. ಈ ಅನುಕೂಲವನ್ನು ನಾವಾಗಿ ಬಿಟ್ಟುಕೊಡುವುದೇಕೆ? ಕರೆಂಟ್ ಹೋದಾಗ ಫ್ಯಾನನ್ನು ಮನೆಯ ಇನ್ವರ್ಟರ್ ಮೇಲೆ ಓಡಿಸಬಹುದು, ಚಿಲ್ಲರನ್ನು ಓಡಿಸುವುದು ಕಷ್ಟ.

ಕೋಟೆ ಬಾಗಿಲು, ಬೀದರ್:
ಎತ್ತರದಲ್ಲಿರುವ ನಮ್ಮೂರಿಗೆ ಫ್ಯಾನ್ ಸಾಕಾಗಬಹುದು. ಆದರೆ ಕಲಬುರಗಿಯಲ್ಲಿ ಹೊರಗೆ 43 ಡಿಗ್ರಿ ಇರುವ ಮಧ್ಯಾಹ್ನ ಮೇಲಿನ ಮಹಡಿಯ ಕೋಣೆಯಲ್ಲಿಟ್ಟ ತೊಟ್ಟಿಯನ್ನು ಫ್ಯಾನ್ ಒಂದೇ 27ರೊಳಗೆ ಹಿಡಿದಿಡುತ್ತದೆಂದು ನಾನು ಈಗಲೂ ನಂಬುವುದಿಲ್ಲ.

ಭೀಮಾತೀರ, ಕಲಬುರಗಿ:
ತೊಟ್ಟಿ ಇರುವುದು ಕೆಳಗಿನ ಕೋಣೆಯಲ್ಲಿ, ನೀರು 27 ದಾಟಿಲ್ಲ. ಆರ್‌ಒ ನೀರಿನ ಟಿಡಿಎಸ್ ಅಳೆದೆ: 90. ತಿರುಪನ್ನು ಪೂರ್ತಿ ಮುಚ್ಚಿದ ಮೇಲೆ 25ಕ್ಕೆ ಬಂದಿದೆ. ಇದು ಸಾಕೇ? ಏರಿರುವ ಕ್ಷಾರತೆಯನ್ನು ಇಳಿಸಲು ಏನಾದರೂ ಹಾಕಬೇಕೇ?

ರಸಾಯನದ ಮೇಷ್ಟ್ರು, ಸೇಡಂ:
ಏನನ್ನೂ ಹಾಕಬೇಡಿ. ಹೊಸದು ಸೇರುವುದು ನಿಂತರೆ ನೀರು ಬದಲಿಸುತ್ತಾ ಹೋದಂತೆ ಅದು ನಿಧಾನವಾಗಿ ಇಳಿಯುತ್ತದೆ, ನಿಧಾನವಾಗಿ ಇಳಿಯುವುದೇ ಹವಳಕ್ಕೆ ಹಿತ. ಆರ್‌ಒ ನಂತರ ಡಿಐ ರಾಳದ (ಉಳಿದ ಅಯಾನುಗಳನ್ನೂ ಹೀರುವ ರಾಳ) ಕೊಳವೆ ಜೋಡಿಸಿ ಟಿಡಿಎಸ್ ಸೊನ್ನೆಗೆ ತನ್ನಿ. ಜಿಲ್ಲೆಯಲ್ಲಿ ಸುಣ್ಣದ ಕಲ್ಲಿನ ಜೊತೆಗೆ ಇರುವ ಕಪ್ಪು ಕಲ್ಲಿನ (ಬಸಾಲ್ಟ್) ಪ್ರದೇಶದ ಬೋರ್‌ವೆಲ್ ನೀರಿನಲ್ಲಿರುವ ಸಿಲಿಕಾವನ್ನು ತಡೆಯಲು ಅದು ಬೇಕು, ಇಲ್ಲವಾದರೆ ಮರಳಿನ ಮೇಲೆ ಡಯಾಟಮ್ ಎಂಬ ಕಂದು ಪಾಚಿ ಹರಡುತ್ತದೆ. ಕೈಯಿಂದ ಸುರಿಯುವ ಬದಲು, ನೀರು ಆರಿದಂತೆ ತಾನಾಗಿ ತುಂಬುವ, ಸೆನ್ಸರ್ ಇರುವ ಆಟೋ ಟಾಪ್‌ಅಪ್ ಇಡಿ. ಅದರ ಡಬ್ಬಿ 10 ಲೀಟರ್‌ಗಿಂತ ದೊಡ್ಡದಿರಬಾರದು. ಸೆನ್ಸರ್ ಕೆಟ್ಟು ತುಂಬಿದ ಡಬ್ಬಿ ಪೂರ್ತಿ ಸುರಿದರೂ ಲವಣಾಂಶ 32ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಮೆದು ಹವಳ ಅಷ್ಟನ್ನು ತಡೆದುಕೊಳ್ಳುತ್ತದೆ. 25 ಲೀಟರ್ ಡಬ್ಬಿಯಾದರೆ ಅದು 28ಕ್ಕೆ ಇಳಿಯುತ್ತದೆ.