ಬಾಕ್ಸ್ ತನಕ ಹೋಗ್ತೀನಿ, ಗೋಲ್ ಆಗಲ್ಲ: ಎಫ್‌ಸಿ 25 ಅಟ್ಯಾಕ್ ಬಗ್ಗೆ ಕೋಚ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ಸರ್, ಪಿಎಸ್5ರಲ್ಲಿ ಎಫ್‌ಸಿ 25 ಫುಟ್‌ಬಾಲ್ ಗೇಮ್ ಆಡ್ತೀನಿ, ಅದರ ಆನ್‌ಲೈನ್ ಮೋಡ್ ರೈವಲ್ಸ್‌ನಲ್ಲಿ ಡಿವಿಷನ್ 6 ದಾಟಕ್ಕೇ ಆಗ್ತಿಲ್ಲ. ಎದುರಿನವ್ರು ಐದು ಡಿಫೆಂಡರ್ಸ್ ಇಟ್ಕೊಂಡು ಗೋಲ್ ಮುಂದಿನ ಪೆನಾಲ್ಟಿ ಬಾಕ್ಸ್ ಒಳಗೇ ಕೂತ್ಬಿಡ್ತಾರೆ. ಅಲ್ಲಿ ತನಕ ಆರಾಮಾಗಿ ಹೋಗ್ತೀನಿ, ಆಮೇಲೆ ಏನೂ ಕಾಣಲ್ಲ, ಬಾಲ್ ಹೋಗುತ್ತೆ, ಕೌಂಟರ್ ಅಟ್ಯಾಕ್‌ನಲ್ಲಿ ಗೋಲ್ ತಿಂತೀನಿ. ಏನ್ ಮಾಡ್ಲಿ?

ಉತ್ತರ: ಮೊದ್ಲು ಸ್ಪ್ರಿಂಟ್ ಬಟನ್ ಆರ್2 ಇಂದ ಬೆರಳು ತೆಗೀರಿ. ನನ್ ಹತ್ರ ಕಲಿಯೋಕೆ ಬರೋರಲ್ಲಿ ಹೆಚ್ಚಿನವ್ರು ಬಾಕ್ಸ್ ಕಂಡ ತಕ್ಷಣ ಸ್ಪ್ರಿಂಟ್ ಒತ್ತಿ ಹಿಡ್ಕೊಂಡೇ ಇರ್ತಾರೆ, ಸ್ಪ್ರಿಂಟ್‌ನಲ್ಲಿ ಬಾಲ್ ಕಾಲಿಂದ ದೂರ ಹೋಗುತ್ತೆ, ಪಾಸ್ ತಗೊಳ್ವಾಗ ಒತ್ತಿದ್ರಂತೂ ಫಸ್ಟ್ ಟಚ್ಚೇ ಎಲ್ಲೋ ಹೋಗುತ್ತೆ, ಡಿಫೆಂಡರ್ ಸುಮ್ನೆ ಕಾಲಿಟ್ರೆ ಸಾಕು. ಬಾಕ್ಸ್ ಹತ್ರ ಬಂದ್ಮೇಲೆ ಬರೀ ಎಡಗಡೆ ಸ್ಟಿಕ್‌ನಲ್ಲಿ ಓಡಾಡಿ.

ಐದು ಜನ ಕೂತಿರೋವಾಗ ನಡುವೆ ನುಗ್ಗೋಕೆ ಹೋಗ್ಬೇಡಿ, ಅಲ್ಲಿ ಜಾಗ ಇಲ್ಲ. ಬಾಲ್‌ನ ಒಂದು ಸೈಡ್‌ಗೆ ತಗೊಂಡೋಗಿ ನಿಲ್ಲಿ. ಎದುರಾಳಿಗೆ ತಾಳ್ಮೆ ಇರಲ್ಲ, ಯಾರಾದ್ರೂ ಒಬ್ಬ ಡಿಫೆಂಡರ್‌ನ ಹಿಡಿದು ನಿಮ್ ಮೇಲೆ ಬಿಟ್ಟೇ ಬಿಡ್ತಾನೆ, ಅವ್ನು ಜಾಗ ಬಿಟ್ಟ ಕೂಡ್ಲೇ ಹಿಂದೆ ಗ್ಯಾಪ್ ಬೀಳುತ್ತೆ, ನಮಗೆ ಬೇಕಾಗಿರೋದು ಅದೇ. ಬರ್ಲಿಲ್ವಾ, ಸಿಡಿಎಂಗೆ (ಡಿಫೆನ್ಸ್ ಮುಂದೆ ನಿಲ್ಲೋ ಮಿಡ್‌ಫೀಲ್ಡರ್) ವಾಪಸ್ ಕೊಟ್ಟು ಇನ್ನೊಂದು ಸೈಡ್‌ಗೆ ತಿರುಗಿಸಿ, ಮತ್ತೆ ಅದೇ ಮಾಡಿ. ಹಿಂದಕ್ಕೆ ಪಾಸ್ ಕೊಡಕ್ಕೆ ಸಂಕೋಚ ಯಾಕೆ?

ಒಂದು ಗೋಲ್ ಬಿಡಿಸಿ ಹೇಳ್ತೀನಿ. ಬಾಲ್ ನಿಮ್ ರೈಟ್ ವಿಂಗರ್ ಹತ್ರ, ಬಾಕ್ಸ್ ಮೂಲೆಯಲ್ಲಿ. ಅವರ ಲೆಫ್ಟ್ ಬ್ಯಾಕ್ ಎದುರಿಗೇ ನಿಂತಿದ್ದಾನೆ. ಎಲ್1 ಹಿಡಿದು ಎಕ್ಸ್ ಒತ್ತಿ ಪಕ್ಕದ ಸಿಎಎಂಗೆ (ಸ್ಟ್ರೈಕರ್ ಹಿಂದೆ ಆಡೋ ಅಟ್ಯಾಕಿಂಗ್ ಮಿಡ್‌ಫೀಲ್ಡರ್) ಕೊಡಿ, ಪಾಸ್ ಕೊಟ್ಟ ವಿಂಗರ್ ತಾನಾಗೇ ಮುಂದೆ ಓಡ್ತಾನೆ, ಲೆಫ್ಟ್ ಬ್ಯಾಕ್ ಅಷ್ಟರಲ್ಲಿ ಬಾಲ್ ಕಡೆ ಒಂದು ಹೆಜ್ಜೆ ಇಟ್ಟಿರ್ತಾನೆ, ತಕ್ಷಣ ಟ್ರಯಾಂಗಲ್ ಒತ್ತಿ ಬಾಲ್‌ನ ವಿಂಗರ್ ಮುಂದಕ್ಕೆ ಬಿಡಿ. ಈಗ ವಿಂಗರ್ ಗೋಲ್‌ಲೈನ್ ಹತ್ರ. ಎಲ್ರೂ ಇಲ್ಲೇ ಆಸೆಬಿದ್ದು ಶೂಟ್ ಮಾಡೋದು, ಆ ಆ್ಯಂಗಲ್‌ನಲ್ಲಿ ಕೀಪರ್ ಮೈಗೇ ಹೋಗುತ್ತೆ. ನೀವು ಪೆನಾಲ್ಟಿ ಸ್ಪಾಟ್ ಕಡೆ ನೋಡಿ: ಸ್ಟ್ರೈಕರ್ ಗೋಲ್ ಕಡೆ ಓಡಿ ಸೆಂಟರ್ ಬ್ಯಾಕ್‌ಗಳನ್ನ ಎಳ್ಕೊಂಡು ಹೋಗಿರ್ತಾನೆ, ಹಿಂದಿಂದ ಬರೋ ಸಿಎಂನ (ಸೆಂಟ್ರಲ್ ಮಿಡ್‌ಫೀಲ್ಡರ್) ಯಾರೂ ಹಿಡಿದಿರಲ್ಲ. ಆರ್1 ಜೊತೆ ಎಕ್ಸ್, ನೆಲದ ಮೇಲೆ ಜೋರಾಗಿ ಹಿಂದಕ್ಕೆ, ಸಿಎಂ ಬಂದು ಹೊಡೀತಾನೆ. ಇದೇ ಕಟ್‌ಬ್ಯಾಕ್. ಗಾರ್ಡಿಯೋಲಾ ಕೋಚ್ ಆಗಿದ್ದಾಗಿನ ಮ್ಯಾಂಚೆಸ್ಟರ್ ಸಿಟಿ ಮ್ಯಾಚ್‌ಗಳನ್ನ ಹಾಕ್ಕೊಂಡು ನೋಡಿ, ಇದೇ ಥರ ಗೋಲ್ ಬೇಕಾದಷ್ಟು ಸಿಗುತ್ತೆ.

ಪ್ರಶ್ನೆ: ನಾನೂ ಕಟ್‌ಬ್ಯಾಕ್ ಟ್ರೈ ಮಾಡ್ತೀನಿ, ಆದ್ರೆ ನನ್ ಸಿಎಂ ಬರೋದೇ ಇಲ್ಲ, ಮಿಡಲ್‌ನಲ್ಲೇ ನಿಂತಿರ್ತಾನೆ.

ಉತ್ತರ: ರೋಲ್ ಚೆಕ್ ಮಾಡಿ. ಎಫ್‌ಸಿ 25ರಲ್ಲಿ ಪ್ರತಿ ಆಟಗಾರನಿಗೂ ರೋಲ್ ಕೊಡ್ಬೇಕು, ನಿಮ್ಮದು ಬಹುಶಃ ಹಿಂದೆ ನಿಲ್ಲೋ ಹೋಲ್ಡಿಂಗ್ ಆಗಿರ್ಬೇಕು, ಒಬ್ಬನ್ನಾದ್ರೂ ಬಾಕ್ಸ್ ಟು ಬಾಕ್ಸ್ (ಎರಡೂ ಬಾಕ್ಸ್ ತನಕ ಓಡಾಡೋನು) ಮಾಡಿ. ವಿಂಗರ್ ಅಗಲಕ್ಕೇ ಇರ್ಬೇಕು ಅಂದ್ರೆ ಒಳಗೆ ಬರೋ ಇನ್‌ಸೈಡ್ ಫಾರ್ವರ್ಡ್ ತೆಗೆದು ವಿಂಗರ್ ರೋಲ್ ಹಾಕಿ. ಆದ್ರೆ ಸಿಡಿಎಂನ ಹೋಲ್ಡಿಂಗ್‌ನಲ್ಲೇ ಬಿಡಿ, ಮೇಲಿನವ್ರು ಕೇಳಿದ ಕೌಂಟರ್ ಪ್ರಾಬ್ಲಮ್‌ಗೂ ಅರ್ಧ ಉತ್ತರ ಅದೇ, ಇಬ್ಬರು ಫುಲ್‌ಬ್ಯಾಕ್‌ನೂ ಮೇಲೆ ಕಳ್ಸಿ ಸಿಡಿಎಂನೂ ಕಳ್ಸಿದ್ರೆ ಹಿಂದೆ ಯಾರಿರ್ತಾರೆ ಹೇಳಿ.

ಪ್ರಶ್ನೆ: ಎಲ್1 ಒತ್ತಿ ರನ್ ಮಾಡಿಸ್ತೀನಿ, ಥ್ರೂ ಬಾಲ್ (ಡಿಫೆನ್ಸ್ ಹಿಂದಕ್ಕೆ ಬಿಡೋ ಪಾಸ್) ಹಾಕಿದ್ರೆ ಪ್ರತಿ ಸಲ ಆಫ್‌ಸೈಡ್. ಗೇಮ್ ತಪ್ಪಾ ನಂದು ತಪ್ಪಾ?

ಉತ್ತರ: ಟೈಮಿಂಗ್. ಆಫ್‌ಸೈಡ್ ನೋಡೋದು ಪಾಸ್ ಕಾಲಿಂದ ಹೊರಟ ಕ್ಷಣದಲ್ಲಿ, ನೀವು ಸ್ಟ್ರೈಕರ್‌ನ ಓಡಿಸ್ಬಿಟ್ಟು ಆಮೇಲೆ ಬಾಲ್ ತಿರುಗಿಸ್ಕೊಂಡು ಪಾಸ್ ಹುಡುಕ್ತಾ ಇರ್ತೀರ, ಅಷ್ಟೊತ್ತಿಗೆ ಅವ್ನು ಲೈನ್ ದಾಟಿ ಆಗಿರುತ್ತೆ. ಪಾಸ್ ಇನ್ನೂ ಸಿಎಎಂ ಕಡೆ ಬರ್ತಿರೋವಾಗ್ಲೇ ಎಲ್1 ತಟ್ಟಿ, ಅವ್ನ ಕಾಲಿಗೆ ಬಂದ ತಕ್ಷಣ ಟ್ರಯಾಂಗಲ್. ಇನ್ನೊಂದು, ಎಲ್1 ತಟ್ಟಿದ ಮೇಲೆ ಬಲಗಡೆ ಸ್ಟಿಕ್ ಯಾವ ಕಡೆ ಫ್ಲಿಕ್ ಮಾಡ್ತೀರೋ ಆ ಕಡೆ ರನ್ ಹೋಗುತ್ತೆ. ಇದು ಫಿಫಾ 21ರಲ್ಲೇ ಬಂದಿದ್ದು, ಈಗ್ಲೂ ಎಷ್ಟೋ ಜನ ಮುಟ್ಟೋದೇ ಇಲ್ಲ ಅನ್ನೋದು ನನಗೆ ಬೇಜಾರು. ಸ್ಟ್ರೈಕರ್‌ನ ನೇರ ಓಡಿಸೋ ಬದ್ಲು ಸೈಡ್‌ಗೆ ಎಳೀರಿ, ಸೆಂಟರ್ ಬ್ಯಾಕ್ ಅವ್ನ ಹಿಂದೆ ಹೋದ್ರೆ ಆ ಖಾಲಿ ಜಾಗಕ್ಕೆ ಮಿಡ್‌ಫೀಲ್ಡರ್ ಬರಲಿ, ಹಿಂದಿಂದ ಓಡಿ ಬರೋನಿಗೆ ಆಫ್‌ಸೈಡ್ ಭಯ ಕಮ್ಮಿ.

ಪ್ರಶ್ನೆ: ಡಿಫೆಂಡರ್‌ನ ಏಮಾರಿಸೋ ಸ್ಕಿಲ್ ಮೂವ್ಸ್ ಎಷ್ಟು ಕಲೀಬೇಕು? ನನ್ ಫ್ರೆಂಡ್ ಎಲಾಸ್ಟಿಕೋ ಎಲ್ಲಾ ಹಾಕ್ತಾನೆ.

ಉತ್ತರ: ಬಾಲ್ ರೋಲ್, ಫೇಕ್ ಶಾಟ್, ಇವೆರಡು ಸಾಕು. ಬೇಕಿದ್ರೆ ಲಾ ಕ್ರೊಕೆಟಾ ಸೇರಿಸ್ಕೊಳ್ಳಿ, ಅದಕ್ಕೆ ಗೇಮ್‌ನ ರೇಟಿಂಗ್‌ನಲ್ಲಿ ನಾಲ್ಕು ಸ್ಟಾರ್ ಸ್ಕಿಲ್ ಇರೋ ಪ್ಲೇಯರ್ ಬೇಕು. ಎಲಾಸ್ಟಿಕೋಗೆ ಐದು ಸ್ಟಾರ್, ಟೀಮ್‌ನಲ್ಲಿ ಅಂಥವ್ರು ಎಷ್ಟು ಜನ ಇರ್ತಾರೆ?

ಪ್ರಶ್ನೆ: ಬಾಕ್ಸ್ ಒಳಗೆ ಹೊಡೆದ್ರೂ ಕೀಪರ್ ಹಿಡೀತಾನಲ್ಲ ಸರ್.

ಉತ್ತರ: ಹೊಡೆಯೋ ಮುಂಚೆ ಎರಡು ವಿಷ್ಯ ನೋಡಿ: ಪ್ಲೇಯರ್ ಮೈ ಗೋಲ್ ಕಡೆ ತಿರುಗಿದ್ಯಾ, ಬಾಲ್ ಯಾವ ಕಾಲಲ್ಲಿದೆ. ವೀಕ್ ಫುಟ್ (ಅಭ್ಯಾಸ ಕಮ್ಮಿ ಇರೋ ಕಾಲು) ಎರಡು ಸ್ಟಾರ್ ಇರೋನು ಆ ಕಾಲಲ್ಲಿ ಓಡ್ತಾ ಓಡ್ತಾ ಹೊಡೆದ್ರೆ ಎಲ್ಲಿ ಹೋಗುತ್ತೋ ದೇವ್ರಿಗೇ ಗೊತ್ತು. ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಮ್ಯಾಚ್ ನೋಡಿದ್ರೆ ಸುನಿಲ್ ಛೆಟ್ರಿ ಎಡಗಡೆಯಿಂದ ಒಳಗೆ ಕಟ್ ಮಾಡಿ ಬಲಗಾಲಲ್ಲಿ ದೂರದ ಪೋಸ್ಟ್ ಕಡೆ ಸುತ್ತಿಸೋದು ನೋಡಿರ್ತೀರಲ್ಲ, ಅದನ್ನೇ ಮಾಡಿ: ಬಲಗಾಲಿನ ಪ್ಲೇಯರ್‌ನ ಲೆಫ್ಟ್‌ನಲ್ಲಿ ಇಟ್ಟು, ಒಳಗೆ ಬಂದು ಆರ್1 ಜೊತೆ ಸರ್ಕಲ್. ಇದೇ ಫಿನೆಸ್ ಶಾಟ್, ಇದಕ್ಕೆ ಪ್ಲೇಸ್ಟೈಲ್ ಪ್ಲಸ್ (ಗೇಮ್ ಕೊಡೋ ವಿಶೇಷ ಸಾಮರ್ಥ್ಯ) ಇರೋ ಪ್ಲೇಯರ್ ಆದ್ರೆ ಇನ್ನೂ ಚೆನ್ನ. ಪವರ್ ಶಾಟ್‌ಗೆ ಕಾಲೆತ್ತಕ್ಕೇ ಟೈಮ್ ಹಿಡಿಯುತ್ತೆ, ಹತ್ರ ಡಿಫೆಂಡರ್ ಇದ್ರೆ ಬೇಡ. ಕೀಪರ್ ಮುಂದೆ ಓಡಿ ಬಂದ್ರೆ ಎಲ್1 ಸರ್ಕಲ್, ಚಿಪ್. ಪಕ್ಕದಲ್ಲಿ ಇನ್ನೊಬ್ಬ ಖಾಲಿ ಇದ್ರೆ ಶೂಟ್ ಬಿಟ್ಟು ಅವ್ನಿಗೆ ಕೊಡಿ.

ಪ್ರಶ್ನೆ: ನಮ್ ಹತ್ರ ಕನ್ಸೋಲ್ ಇಲ್ಲ, ಫೋನಲ್ಲಿ ಇಫುಟ್‌ಬಾಲ್. ಇದೆಲ್ಲಾ ಅಲ್ಲೂ ನಡೆಯುತ್ತಾ?

ಉತ್ತರ: ಖಂಡಿತ ನಡೆಯುತ್ತೆ. ಅದು ಕೊನಾಮಿ ಕಂಪನಿಯ ಹಳೇ ಫುಟ್‌ಬಾಲ್ ಗೇಮ್ ಪಿಇಎಸ್ಸೇ, 2021ರಲ್ಲಿ ಹೆಸರು ಬದ್ಲಾಯಿಸಿ ಫ್ರೀ ಮಾಡಿದ್ರು. ಬಟನ್ ಬೇರೆ, ಆಟ ಅದೇ. ಅಲ್ಲಿ ಪ್ಲೇಯಿಂಗ್ ಸ್ಟೈಲ್ ನೋಡಿ ಟೀಮ್ ಕಟ್ಟಿ, ಗೋಲ್ ಪೋಚರ್ ಡಿಫೆನ್ಸ್ ಹಿಂದೆ ಓಡ್ತಾನೆ, ಹೋಲ್ ಪ್ಲೇಯರ್ ಹಿಂದಿಂದ ಬಾಕ್ಸ್‌ಗೆ ಬರ್ತಾನೆ, ಕಟ್‌ಬ್ಯಾಕ್‌ಗೆ ಅವ್ನೇ ಬೇಕು. ಡ್ಯಾಶ್ ಬಟನ್ ಮೇಲೂ ಹೆಬ್ಬೆರಳು ಒತ್ತಿ ಹಿಡೀಬೇಡಿ.

ಪ್ರಶ್ನೆ: ಪ್ರಾಕ್ಟೀಸ್ ಹೆಂಗ್ ಮಾಡೋದು ಸರ್, ರೈವಲ್ಸ್‌ನಲ್ಲಿ ಟ್ರೈ ಮಾಡಕ್ಕೆ ಹೋದ್ರೆ ಸೋಲ್ತೀನಿ.

ಉತ್ತರ: ಸ್ಕ್ವಾಡ್ ಬ್ಯಾಟಲ್ಸ್‌ನಲ್ಲಿ ಕಂಪ್ಯೂಟರ್ ಎದುರು ಆಡಿ, ವರ್ಲ್ಡ್ ಕ್ಲಾಸ್ ಲೆವೆಲ್ ಇಡಿ, ಇಡೀ ಮ್ಯಾಚ್‌ನಲ್ಲಿ ಕಟ್‌ಬ್ಯಾಕ್ ಬಿಟ್ಟು ಬೇರೆ ಯಾವ ಗೋಲೂ ಹೊಡೀಬೇಡಿ, ಗೆಲ್ತೀರೋ ಸೋಲ್ತೀರೋ ತಲೆ ಕೆಡಿಸ್ಕೋಬೇಡಿ. ಆನ್‌ಲೈನ್ ಮ್ಯಾಚ್ ಸೋತಾಗ ಬಾಕ್ಸ್ ಹತ್ರ ಬಾಲ್ ಹೋದ ಕ್ಲಿಪ್ ಸೇವ್ ಮಾಡಿ ಗ್ರೂಪ್‌ನಲ್ಲಿ ಹಾಕಿ, ಗೋಲ್ ಹೊಡೆದ ಕ್ಲಿಪ್ ಬೇಡ. ಆ ಹೊತ್ತಲ್ಲಿ ಯಾರು ಖಾಲಿ ಇದ್ರು ಅಂತ ಒಂದೊಂದನ್ನೂ ನಿಲ್ಲಿಸಿ ತೋರಿಸ್ತೀನಿ.