ಡೊಮೈನ್ ಮಾರುವ ಸಣ್ಣವರಿಗೂ ದೊಡ್ಡವರಿಗೂ ಒಂದೇ ಶುಲ್ಕ ಸರಿಯೇ?

ತುಂಗೆ ದಡದವ, ಶಿವಮೊಗ್ಗ
ದುರ್ಗಿಗುಡಿಯಲ್ಲಿ ನನ್ನದೊಂದು ಪುಟ್ಟ ಆಫೀಸು. ಹೋಂಸ್ಟೇ, ಅಡಿಕೆ ಮಂಡಿ, ಕ್ಲಿನಿಕ್‌ಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. 500 ಡೊಮೈನ್, ಅಂದರೆ ವೆಬ್‌ಸೈಟ್ ಹೆಸರು, ನೋಡಿಕೊಳ್ಳುತ್ತೇನೆ, ಆದರೆ ಬೇರೊಬ್ಬರ ಕೆಳಗೆ ರೀಸೆಲ್ಲರ್ (ಮರುಮಾರಾಟಗಾರ) ಆಗಿ. ಹೆಸರನ್ನು ನೇರವಾಗಿ ನೋಂದಾಯಿಸಿಕೊಡುವ ರಿಜಿಸ್ಟ್ರಾರ್ ನಾನೇ ಆಗೋಣ ಅಂತ ಲೆಕ್ಕ ಹಾಕಿದೆ. ಡಾಟ್ ಕಾಮ್ ಹೆಸರುಗಳಿಗೆ ಐಕ್ಯಾನ್ (ಇಂಟರ್ನೆಟ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಅಂತರರಾಷ್ಟ್ರೀಯ ಸಂಸ್ಥೆ) ಮಾನ್ಯತೆ ಬೇಕು. ಅರ್ಜಿಗೆ 3,500 ಡಾಲರ್, ಆಮೇಲೆ ಪ್ರತಿ ವರ್ಷ 4,000 ಡಾಲರ್. ನನ್ನ 500 ಹೆಸರಿಗೆ ಹಂಚಿದರೆ ಒಂದೊಂದಕ್ಕೆ 8 ಡಾಲರ್. ಡಾಲರ್‌ಗೆ 85 ರೂಪಾಯಿ ಅಂತ ಹಿಡಿದರೆ 680 ರೂಪಾಯಿ. 10 ಲಕ್ಷ ಹೆಸರು ಇರುವ ಕಂಪನಿಗೆ ಅದೇ ಹೊರೆ 34 ಪೈಸೆ! ಹೆಸರಿನ ಲೆಕ್ಕದಲ್ಲೇ ಶುಲ್ಕ ತಗೊಳ್ಳಲಿ. ಇದು ನ್ಯಾಯ ಅಲ್ವಾ?

ಆಗುಂಬೆ ಮಳೆ
ಅಣ್ಣಾ, ನಿಮ್ಮ ಕಷ್ಟ ಅರ್ಥ ಆಗುತ್ತೆ. ಆದರೆ ಬಾಗಿಲು ಸುಲಭ ಆದರೆ ಯಾರು ಬೇಕಾದರೂ ಒಳಗೆ ಬರುತ್ತಾರೆ. ನಮ್ಮ ಹೋಂಸ್ಟೇ ಡೊಮೈನನ್ನು ಒಬ್ಬರು ತಮ್ಮ ಇಮೇಲ್‌ನಲ್ಲೇ ತೆಗೆದಿದ್ದರು. ನನಗೆ ಗೊತ್ತೇ ಇರಲಿಲ್ಲ. ಅವರು ಅಂಗಡಿ ಮುಚ್ಚಿ ಹೋದರು, ಫೋನ್ ಸ್ವಿಚ್ ಆಫ್. ಅವಧಿ ಮುಗಿದು ಹೆಸರು ಡಿಲೀಟ್ ಆದ ಮೇಲೂ 30 ದಿನ ವಾಪಸ್ ಪಡೆಯಬಹುದಂತೆ. ಅಕೌಂಟೇ ನನ್ನದಲ್ಲದ ಮೇಲೆ ಏನು ಮಾಡಲಿ? ಘಾಟಿ ರಸ್ತೆಯ ಬೋರ್ಡಿನಲ್ಲಿ ಹಳದಿ ಬಣ್ಣದಲ್ಲಿ ಬರೆಸಿದ್ದ ಆ ಹೆಸರಿನ ಮೇಲೆ ನಾನೇ ಬಿಳಿ ಪೇಂಟ್ ಹೊಡೆದೆ. ಮಳೆ ಬಂದಾಗ ಅಕ್ಷರ ಇನ್ನೂ ಮಸುಕಾಗಿ ಕಾಣುತ್ತೆ.

ತುಂಗೆ ದಡದವ
ಛೆ, ಬೇಜಾರಾಯ್ತು ಅಕ್ಕ. ಆದರೆ ಅವರು ರೀಸೆಲ್ಲರ್ ಇದ್ದಿರಬೇಕು, ಮಾನ್ಯತೆ ಪಡೆದ ರಿಜಿಸ್ಟ್ರಾರ್ ಅಲ್ಲ. ಶುಲ್ಕ ಜಾಸ್ತಿ ಇರುವುದರಿಂದಲೇ ಸಣ್ಣವರೆಲ್ಲ ನಿಯಮ ಕಡಿಮೆ ಇರುವ ಆ ಕಡೆಗೆ ಹೋಗುತ್ತಾರೆ.

ಸಾಗರದ ಕೋಡ್
ಅಕ್ಕ ಹೇಳುವುದರಲ್ಲಿ ಸತ್ಯ ಇದೆ. 2007ರಲ್ಲಿ ಅಮೆರಿಕದ ರಿಜಿಸ್ಟರ್‌ಫ್ಲೈ ಅನ್ನೋ ರಿಜಿಸ್ಟ್ರಾರ್ ಕಂಪನಿ ಮಾನ್ಯತೆ ಕಳೆದುಕೊಂಡಿತು. ಅಲ್ಲಿದ್ದ ಲಕ್ಷಾಂತರ ಹೆಸರುಗಳನ್ನು ಗೋಡ್ಯಾಡಿ ಅನ್ನೋ ಇನ್ನೊಂದು ರಿಜಿಸ್ಟ್ರಾರ್‌ಗೆ ಸಾಗಿಸಬೇಕಾಯಿತು. ಅದು ಮಾನ್ಯತೆ ಇದ್ದ ಕಂಪನಿಯೇ. ರಿಜಿಸ್ಟ್ರಾರ್ ತನ್ನ ಗ್ರಾಹಕರ ವಿವರದ ಪ್ರತಿಯನ್ನು ಹೊರಗಿನವರ ಬಳಿ ಇಡಬೇಕೆಂಬ ನಿಯಮ ಇರುವುದೇ ಇಂಥ ದಿನಕ್ಕಾಗಿ. ಅದರಲ್ಲಿ ರಿಯಾಯಿತಿ ಕೇಳಬೇಡಿ. ಶುಲ್ಕದಲ್ಲಿ ಕೇಳಿ. ಎಲ್ಲ ರಿಜಿಸ್ಟ್ರಾರ್‌ಗಳಿಗೂ ಹಂಚುವ ಇನ್ನೊಂದು ಶುಲ್ಕದಲ್ಲಿ ಸಣ್ಣವರಿಗೆ ಮೂರರಲ್ಲಿ ಎರಡು ಪಾಲು ಮಾಫಿ ಈಗಲೂ ಇದೆ. 4,000ದಲ್ಲೂ ಅದೇ ರೀತಿ ಕೊಡಲಿ.

ಅಡಿಕೆ ಸಿಪ್ಪೆ, ತೀರ್ಥಹಳ್ಳಿ
ಶುಲ್ಕ ಹಾಗಿರಲಿ ಮಾರಾಯ್ರೆ, ನಿಯಮ ಮಾಡುವಾಗ ಓಟು ಯಾರಿಗೆ? ಬ್ರಿಟನ್ನಿನ ಡಾಟ್ ಯುಕೆ ನೋಡಿಕೊಳ್ಳುವ ನಾಮಿನೆಟ್‌ನಲ್ಲಿ ಜಾಸ್ತಿ ಡೊಮೈನ್ ಇದ್ದವರಿಗೆ ಜಾಸ್ತಿ ಓಟು, ಅದಕ್ಕೊಂದು ಮಿತಿ ಇದೆ ಅಷ್ಟೆ. ಆದರೂ 2021ರ ಮಾರ್ಚ್‌ನಲ್ಲಿ ಸದಸ್ಯರು ಸೇರಿ ಶೇ. 52ಕ್ಕೂ ಹೆಚ್ಚು ಮತದಿಂದ ಆಡಳಿತ ಮಂಡಳಿಯ ಮುಖ್ಯರನ್ನೇ ಇಳಿಸಿದರು. ಜರ್ಮನಿಯ ಡಾಟ್ ಡಿಇ ನೋಡಿಕೊಳ್ಳುವ ಡೆನಿಕ್ ಅಂತೂ ಸಹಕಾರ ಸಂಘ. ನಮಗೆ ಸಂಘ ಹೊಸದಾ? ನಮ್ಮೂರಿನ ಸೊಸೈಟಿಯಲ್ಲಿ ಒಂದು ಚೀಲ ಅಡಿಕೆ ಹಾಕಿದವನಿಗೂ ನೂರು ಚೀಲ ಹಾಕಿದವನಿಗೂ ಒಂದೇ ಓಟು.

ಸಾಗರದ ಕೋಡ್
ಒಪ್ಪುತ್ತೇನೆ, ಆದರೆ ಬೇನಾಮಿ ಸದಸ್ಯರನ್ನು ಏನು ಮಾಡುತ್ತೀರಿ? ಅವಧಿ ಮುಗಿದು ಬಿಡುಗಡೆಯಾಗುವ ಹೆಸರನ್ನು ಮೊದಲು ಹಿಡಿಯೋಕೆ ಅಂತಲೇ ಒಂದೇ ಗುಂಪು ನೂರಾರು ಮಾನ್ಯತೆ ಇಟ್ಟುಕೊಂಡದ್ದೂ ಇದೆ. ಒಂದು ಮಾನ್ಯತೆಗೆ ಒಂದು ಓಟು ಅಂದರೆ ಅವರಿಗೆ ನೂರಾರು ಓಟು! ಹಿಂದೆ ಇರುವ ಮಾಲೀಕ ಯಾರು ಅಂತ ಬರೆಸಿಕೊಂಡು, ಮಾಲೀಕನಿಗೊಂದು ಓಟು ಅನ್ನಬೇಕು.

ಅಡಿಕೆ ಸಿಪ್ಪೆ
ಸರಿ, ಅದು ನನಗೆ ಹೊಳೆದಿರಲಿಲ್ಲ. ಮಾಲೀಕನಿಗೊಂದು ಓಟು ಅಂತಲೇ ಆಗಲಿ.

ತುಂಗೆ ದಡದವ
ಇನ್ನೊಂದು ದೊಡ್ಡ ಬೆಟ್ಟ ಇದೆ. ಮಾನ್ಯತೆ ಬೇಕೆಂದರೆ 70,000 ಡಾಲರ್ ದುಡಿಯುವ ಬಂಡವಾಳ ತೋರಿಸಬೇಕು. 60 ಲಕ್ಷದ ಹತ್ತಿರ! ಒಬ್ಬನಿಂದ ಆಗದು. ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯವರು ಹತ್ತು ಜನ ಕೂಡಿದರೆ?

ಆಗುಂಬೆ ಮಳೆ
ಹತ್ತು ಜನ ಕೂಡಿ, ಬೇಡ ಅನ್ನಲ್ಲ. ನನ್ನದೊಂದೇ ಶರತ್ತು. ಮೊದಲ ದಿನದಿಂದ ಗ್ರಾಹಕರ ಹೆಸರು ಗ್ರಾಹಕರ ಇಮೇಲ್‌ನಲ್ಲೇ ಇರಬೇಕು. ಬೇರೆ ಕಡೆ ಹೋಗಬೇಕು ಅಂದಾಗ ಟ್ರಾನ್ಸ್‌ಫರ್ ಕೋಡ್ ಕೇಳಿದ ತಕ್ಷಣ ಕೊಡಬೇಕು. ಇದನ್ನು ಸಂಘದ ಬೈಲಾದಲ್ಲಿ ಬರೆಯಿರಿ, ಆಗ ಮೊದಲ ಗ್ರಾಹಕಿ ನಾನೇ.

ತುಂಗೆ ದಡದವ
ಬರೆಯುತ್ತೇವೆ ಅಕ್ಕ. ನಿಮ್ಮ ಮಾತು ಓದಿ ಈಗಷ್ಟೇ ನನ್ನ ಪಟ್ಟಿ ತೆಗೆದು ನೋಡಿದೆ. 500ರಲ್ಲಿ 38 ಹೆಸರು ಇನ್ನೂ ನನ್ನ ಇಮೇಲ್‌ನಲ್ಲೇ ಇವೆ. ಹೆಚ್ಚಿನವು ಹಳೆಯ ಮಂಡಿಗಳದ್ದು, ಅವರಿಗೆ ಆಗ ಇಮೇಲ್ ಇರಲಿಲ್ಲ. ನಾಳೆ ಬೆಳಿಗ್ಗೆಯಿಂದ ಒಬ್ಬೊಬ್ಬರಿಗೇ ಫೋನ್ ಮಾಡುತ್ತೇನೆ.