ಮೊದಲ ಕಥಾಸಂಕಲನ: 300 ಪ್ರತಿ ನೀವೇ ಕೊಳ್ಳಿ ಅಂತಾರೆ, ಏನು ಮಾಡಲಿ?

ಹಾನಗಲ್ ಮಾಸ್ತರ:
ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ನನ್ನ ಕೆಲವು ಕಥೆಗಳು ಭಾನುವಾರದ ಪುರವಣಿಗಳಲ್ಲಿ ಬಂದಿವೆ. ಈಗ 12 ಕಥೆ ಸೇರಿಸಿ ಸಂಕಲನ ತರಬೇಕು ಅಂತಿದ್ದೇನೆ. ಒಬ್ಬ ಪ್ರಕಾಶಕರು ಒಪ್ಪಿದ್ದಾರೆ, ಆದರೆ 300 ಪ್ರತಿ ನಾನೇ ಅರ್ಧ ಬೆಲೆಗೆ ತಗೋಬೇಕಂತೆ. ಪುಸ್ತಕದ ಬೆಲೆ 150 ರೂಪಾಯಿ. ಕಥೆ ಓದಿದ ಹಾಗೆ ಕಾಣಲಿಲ್ಲ; ಬೆನ್ನುಡಿ ಯಾರದು, ಫೋಟೋ ಯಾವುದು ಅಂತ ಮಾತ್ರ ಕೇಳಿದರು. ಪುಸ್ತಕ ತಂದವರು ಹೇಳಿ, ಇದು ಮಾಮೂಲಾ? ಇನ್ನೊಂದು ಮಾತು. ಸಂಭಾಷಣೆಯೆಲ್ಲ ನಮ್ಮ ಕಡೆ ಭಾಷೆಯಲ್ಲೇ ಇದೆ. ಮೈಸೂರು ಕಡೆಯವರಿಗೆ ತೊಡಕಾಗುತ್ತಾ?

ಮಾಳಮಡ್ಡಿ ಅಕ್ಕ:
ಮಾಮೂಲು ಹೌದು ಮಾಸ್ತರರೇ. ಸರಿ ಅಲ್ಲ. 22,500 ರೂಪಾಯಿ ನೀವು ಕೊಟ್ಟ ಮೇಲೆ ಪುಸ್ತಕ ಮಾರುವ ಗರಜು ಅವರಿಗೆ ಏನಿದೆ ಹೇಳಿ? ಉಳಿದ ಪ್ರತಿ ಗೋದಾಮಿನಲ್ಲಿ ಧೂಳು ತಿನ್ನುತ್ತವೆ.

ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂತು ನಿವೃತ್ತಳಾದವಳು, ಲೆಕ್ಕ ಮೊದಲು ಹೇಳುತ್ತೇನೆ. ರಾಯಲ್ಟಿ, ಅಂದರೆ ಮಾರಿದ ಪ್ರತಿಯ ಬೆಲೆಯಲ್ಲಿ ಲೇಖಕರ ಪಾಲು, 10 ಪರ್ಸೆಂಟ್ ಅಂದುಕೊಳ್ಳಿ. 500 ಪ್ರತಿ ಪೂರ್ತಿ ಮಾರಾಟವಾದರೆ 7,500 ರೂಪಾಯಿ ಬರುತ್ತದೆ. ಅದೂ ವರ್ಷಗಟ್ಟಲೆ ಕಾದ ಮೇಲೆ. ಹಾಗಾಗಿ ನೌಕರಿ ಬಿಡುವ ಯೋಚನೆ ಬೇಡ. ನನ್ನ ಕಥೆಗಳಿಗೆ ಅರ್ಧ ಸಾಮಾನು ಕೌಂಟರಿನಲ್ಲೇ ಸಿಕ್ಕಿದೆ. ಬೆಳೆಸಾಲದ ನೋಟಿಸು ಹಿಡಿದು ಬಂದವರು ಮೊದಲು ಮಗಳ ಮದುವೆ ಸುದ್ದಿ ಹೇಳುತ್ತಾರೆ, ಸಾಲದ ಮಾತು ಕಟ್ಟಕಡೆಗೆ. ಸಂಭಾಷಣೆ ಹೇಗೆ ಬರೆಯಬೇಕು ಅಂತ ಯಾವ ಕಮ್ಮಟದಲ್ಲೂ ಅಷ್ಟು ಚೆನ್ನಾಗಿ ಕಲಿಸಲಿಲ್ಲ.

ಆಮೇಲೆ ಕರಾರು. ಬಾಯಿಮಾತಿನಲ್ಲಿ ಕೊಡಬೇಡಿ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಹಕ್ಕು ಬರೆದುಕೊಡುವುದು ಕಾಗದದಲ್ಲಿ, ಸಹಿಯೊಂದಿಗೇ ಆಗಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷ ಅಂತ ಹಿಡಿಯುತ್ತದೆ. ಆದರೆ 'ಶಾಶ್ವತವಾಗಿ, ಎಲ್ಲ ರೂಪದಲ್ಲಿ' ಅಂತ ಅವರೇ ಟೈಪ್ ಮಾಡಿ ತರುತ್ತಾರೆ, ನೋಡಿಕೊಳ್ಳಿ. ಹಕ್ಕು ನಿಮ್ಮ ಜೀವಮಾನ ಮತ್ತು ಆಮೇಲೆ 60 ವರ್ಷ ಇರುವಂಥದ್ದು. ಆಡಿಯೋ, ಅನುವಾದ, ಸಿನಿಮಾ ಬೇರೆ ಬೇರೆ ಸಾಲಿನಲ್ಲಿ ಬರಲಿ. ಒಂದು ಮುದ್ರಣ, 500 ಪ್ರತಿ, ಇಷ್ಟು ವರ್ಷ ಅಂತಷ್ಟೇ ಕೊಡಿ.

ನನಗೆ ಜಾಸ್ತಿ ಚುಚ್ಚಿದ್ದು 'ಓದಿದ ಹಾಗೆ ಕಾಣಲಿಲ್ಲ' ಅಂದಿರಲ್ಲ, ಅದು. ನಮ್ಮ ಧಾರವಾಡದ ಮನೋಹರ ಗ್ರಂಥಮಾಲೆಯನ್ನೇ ನೋಡಿ. 1933ರಲ್ಲಿ ಜಿ.ಬಿ. ಜೋಶಿಯವರು ಶುರು ಮಾಡಿದ್ದು. ಸುಭಾಸ ರಸ್ತೆಯ ಆ ಅಟ್ಟದಲ್ಲಿ ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರಂಥ ಓದುಗರು ಇದ್ದರು. ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ' 1961ರಲ್ಲಿ ಹೊರಬಂದದ್ದು ಅಲ್ಲಿಂದಲೇ. ಹೊಸಬರ ಹಸ್ತಪ್ರತಿಯನ್ನು ಯಾರೋ ಒಬ್ಬರು ಕೂತು ಓದುತ್ತಿದ್ದರು. ಅಂಥ ಓದುಗ ಪ್ರಕಾಶಕರಲ್ಲಿ ಇಲ್ಲದಿದ್ದರೆ ನೀವೇ ಹುಡುಕಬೇಕು. ಸ್ನೇಹಿತರು ಬೇಡ, ಅವರು 'ಭಾಳ ಛಲೋ ಐತಿ' ಅಂದು ಚಹಾ ಕುಡಿದು ಹೋಗುತ್ತಾರೆ. ನನಗೆ ನಾದಿನಿ ಇದ್ದಾಳೆ. ಅವಳಿಗೆ ಜೋರಾಗಿ ಓದಿ ಹೇಳುತ್ತೇನೆ. ಅವಳು ಮೊಬೈಲ್ ಎತ್ತಿಕೊಂಡ ಜಾಗಕ್ಕೆ ಪೆನ್ಸಿಲ್ ಗುರುತು ಹಾಕುತ್ತೇನೆ. ಆ ಪ್ಯಾರಾ ಬಹುತೇಕ ಹೋಗುತ್ತದೆ.

ಇನ್ನೂ ಒಂದು ಅಭ್ಯಾಸ ಇದೆ. ಪ್ರತಿ ಪಾತ್ರಕ್ಕೂ ದುಡ್ಡು ಎಲ್ಲಿಂದ ಬರುತ್ತದೆ, ಊರಿನಿಂದ ಕೊನೆಯ ಬಸ್ಸು ಎಷ್ಟೊತ್ತಿಗೆ ಅಂತ ಬೇರೆ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಕಥೆಯಲ್ಲಿ ಅದು ಬರುವುದೇ ಇಲ್ಲ. ಆದರೆ ಬ್ಯಾಡಗಿಯ ಮೆಣಸಿನಕಾಯಿ ದಲಾಲಿಯನ್ನು ಫೆಬ್ರವರಿಯಲ್ಲಿ ಆರಾಮಾಗಿ ಕಾಶಿಯಾತ್ರೆಗೆ ಕಳಿಸಿದರೆ ನಿಮ್ಮ ಜಿಲ್ಲೆಯವರೇ ನಗುತ್ತಾರೆ. ಸುಗ್ಗಿಯ ಹೊತ್ತಿನಲ್ಲಿ ಅವನು ಮಾರುಕಟ್ಟೆ ಬಿಟ್ಟು ಕದಲುತ್ತಾನಾ?

ಭಾಷೆ ಬಗ್ಗೆ ಹೆದರಬೇಡಿ. ಒಂದು ಪತ್ರಿಕೆಯವರು ನನ್ನ ಅಜ್ಜಿ ಪಾತ್ರದ 'ಹೊಂಟೇನಿ'ಯನ್ನು 'ಹೊರಟಿದ್ದೇನೆ' ಅಂತ ತಿದ್ದಿದರು. ಅಜ್ಜಿ ಒಮ್ಮೆಲೇ ಆಕಾಶವಾಣಿಯಲ್ಲಿ ವಾರ್ತೆ ಓದಿದಂತಾಯಿತು! ನಿರೂಪಣೆ ನೆಟ್ಟಗಿರಲಿ, ಮಾತು ನಮ್ಮದಿರಲಿ. ಹಾಗಂತ ಪ್ರತಿ ಉಚ್ಚಾರವನ್ನೂ ಕಾಗದದ ಮೇಲೆ ಇಳಿಸಲು ಹೋಗಬೇಡಿ, ಓದುವವನು ಕಾಗುಣಿತ ಬಿಡಿಸುತ್ತಾ ಕೂರುತ್ತಾನೆ.

ರಾಣೆಬೆನ್ನೂರಿನವ:
ಅಕ್ಕಾರ ಮಾತಿಗೆ ಅರ್ಧ ಒಪ್ಪಿಗೆ. ಓದದ ಪ್ರಕಾಶಕರಿಗೆ ಕೊಡುವ ದುಡ್ಡನ್ನು ನೇರವಾಗಿ ಪ್ರೆಸ್ಸಿಗೆ ಕೊಡಿ ಅಂತೀನಿ ನಾನು. ನನ್ನ ಕಾದಂಬರಿ ನಾನೇ ಹಾಕಿಸಿದೆ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ನಮ್ಮ ದೇಶದಲ್ಲಿ ದುಡ್ಡಿಲ್ಲ, ಆನ್‌ಲೈನ್ ಅರ್ಜಿ ಹಾಕಿದರೆ ಸಿಗುತ್ತದೆ. 'ಐಎಸ್‌ಬಿಎನ್ ಚಾರ್ಜು' ಅಂತ ಯಾರಾದರೂ ಕೇಳಿದರೆ ಅಲ್ಲೇ ಎದ್ದು ಬನ್ನಿ. ಮಾರುವುದಕ್ಕೆ ನಾಚಿಕೆ ಬೇಡ. ನಮ್ಮ ಜಿಲ್ಲೆಯ ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದವರು. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ಆಯಿತಲ್ಲ, ಅಲ್ಲಿ ಮಳಿಗೆ ಮುಂದೆ ನಿಂತು ಮಾರಿದ ಪುಸ್ತಕಗಳು ಅಂಗಡಿಗೆ ಕೊಟ್ಟವಕ್ಕಿಂತ ಜಾಸ್ತಿ. ಅಂಗಡಿಯವರ ಕಮಿಷನ್ ಕಳೆದರೆ ಕೈಗೆ ಏನೂ ಬರಲ್ಲ. ವಯಸ್ಸು ಚಿಕ್ಕದಿದ್ದರೆ ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನಕ್ಕೂ ಹಾಕಿ ನೋಡಿ.

ಬೆಟಗೇರಿ ಡಿಟಿಪಿ:
ನಾನು ಲೇಖಕ ಅಲ್ಲ, ಪುಟ ಕಟ್ಟುವವನು. ಸರ್, 'ನುಡಿ' ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದೀರಾ, ಮೊಬೈಲಿನಲ್ಲೂ ಓದಲು ಬರುವ ಯೂನಿಕೋಡಾ? ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಅರ್ಕಾವೊತ್ತು, ಒತ್ತಕ್ಷರ, ಉದ್ಧರಣ ಚಿಹ್ನೆ ಕೆಡುತ್ತವೆ. ಬದಲಿಸಿದ ಮೇಲಿನ ಪ್ರೂಫನ್ನು ನೀವೇ ಓದಬೇಕು. ಡೆಮಿ 1/8 ಅಳತೆಯ ಪುಸ್ತಕದಲ್ಲಿ ಒಂದು ಫಾರಂಗೆ, ಅಂದರೆ ಒಟ್ಟಿಗೆ ಮುದ್ರಿಸಿ ಮಡಚುವ ಒಂದು ಕಂತೆಗೆ, 16 ಪುಟ. 112 ಅಥವಾ 128 ಪುಟಕ್ಕೆ ನಿಲ್ಲಿಸಿ. 115 ಆದರೆ ಖಾಲಿ ಹಾಳೆ ಉಳಿಯುತ್ತವೆ, ಅಲ್ಲಿ ಮುನ್ನುಡಿಕಾರರ ಫೋಟೋ ಹಾಕಿ ಅಂತ ಶುರುವಾಗುತ್ತೆ.

ಹಾನಗಲ್ ಮಾಸ್ತರ:
ಎಲ್ಲರಿಗೂ ಧನ್ಯವಾದ. ಆ ಪ್ರಕಾಶಕರಿಗೆ ಬೇಡ ಅಂತ ಹೇಳಿದೆ. ಅಕ್ಕಾ, ಮನೆಯಲ್ಲಿ ಜೋರಾಗಿ ಓದಿದೆ. ಎರಡು ಕಥೆಗೆ ಹೆಂಡತಿ ನಿದ್ದೆ ಮಾಡಿದಳು, ಅವನ್ನು ಬದಿಗಿಟ್ಟಿದ್ದೇನೆ. ಡಿಟಿಪಿ ಅಣ್ಣಾ, ಅರ್ಧ ನುಡಿ, ಅರ್ಧ ಯೂನಿಕೋಡ್ ಇದೆ. ನಡೆಯುತ್ತಾ?

ಬೆಟಗೇರಿ ಡಿಟಿಪಿ:
ನಡೆಯುತ್ತೆ ಸರ್, ಎರಡೂ ಬೇರೆ ಬೇರೆ ಫೈಲಿನಲ್ಲಿ ಕಳಿಸಿ. ದೀಪಾವಳಿ ಒಳಗೆ ಬರಲಿ, ಆಮೇಲೆ ಕ್ಯಾಲೆಂಡರ್ ಕೆಲಸ ಶುರುವಾದರೆ ಯಾವ ಪ್ರೆಸ್ಸಿನವರೂ ಕಥೆ ಮುಟ್ಟಲ್ಲ.